ಮೆಮೊರಿಯನ್ನು ಎಷ್ಟು ಓಡಿಸಬೇಕು?

ಮೊನ್ನೆ ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ. ಬಿಡಿಭಾಗಗಳನ್ನು ಕೊಂಡು ತಂದು ಮಗನಿಗಾಗಿ ಮನೆಯಲ್ಲೇ ಒಂದು ಡೆಸ್ಕ್‌ಟಾಪ್ ಗಣಕಯಂತ್ರ ಜೋಡಿಸುವ ಸಾಹಸಕ್ಕೆ ಆತ ಇಳಿದಿದ್ದಾನೆ. “ಸಾರ್, ಮೆಮೊರಿಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಡಿಮೆ ವೇಗದ್ದನ್ನು ಅಗ್ಗಕ್ಕೆ ಕೊಂಡು, ಆಮೇಲೆ ಬಯಾಸ್‌ನಲ್ಲಿ ವೇಗ ಏರಿಸಿಕೊಂಡರೆ ಆಗದೇ? ನಿಮ್ಮ ಮೊಮ್ಮಗ ಹಾಗೆಯೇ ಮಾಡಿದ್ದನಂತಲ್ಲ?” ಎಂದ. ಮಾಡಿದ್ದ, ನಿಜ. ಅದಕ್ಕಾಗಿಯೇ “ಬೇಡ ಮಾರಾಯ” ಎಂದೆ. ಫೋನಿನಲ್ಲಿ ಕಾರಣವನ್ನೆಲ್ಲ ವಿವರಿಸಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಅವನ ಸಂಕಟ ಸುಳ್ಳಲ್ಲ. 2025ರ ಉತ್ತರಾರ್ಧದಲ್ಲಿ ಮೆಮೊರಿ ತಯಾರಕರು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯತ್ತ ವಾಲಿದ ಮೇಲೆ ಗೃಹಬಳಕೆಯ ಮೆಮೊರಿ ದುಬಾರಿಯಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಇಂಥ ಹೊತ್ತಿನಲ್ಲಿ ತಯಾರಕರು ನಿಗದಿಪಡಿಸಿದ ಗತಿಯನ್ನು ಮೀರಿ ಮೆಮೊರಿಯನ್ನು ಓಡಿಸುವ ವಿದ್ಯೆ, ಅಂದರೆ ಓವರ್‌ಕ್ಲಾಕಿಂಗ್, ಪುಕ್ಕಟೆ ಸಿಕ್ಕ ಸಂಪತ್ತಿನಂತೆ ಕಾಣುವುದು ಸಹಜ.

ಮೊದಲಿಗೆ ಡಬ್ಬದ ಮೇಲಿನ ದೊಡ್ಡ ಅಂಕಿಯ ವಿಚಾರ. ಡಿಡಿಆರ್5-6000 ಎಂಬುದನ್ನು ಅಂಗಡಿಯವರು 6000 ಮೆಗಾಹರ್ಟ್ಸ್ ಎನ್ನುತ್ತಾರೆ. ವಾಸ್ತವದಲ್ಲಿ ಅದರ ಗಡಿಯಾರ 3000 ಮೆಗಾಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಪ್ರತಿ ಮಿಡಿತದ ಏರಿಕೆಯಲ್ಲಿ ಒಮ್ಮೆ, ಇಳಿಕೆಯಲ್ಲಿ ಒಮ್ಮೆ ದತ್ತಾಂಶ ಸಾಗುವುದರಿಂದ ಅಂಕಿ ಇಮ್ಮಡಿಯಾಗುತ್ತದೆ. ಅದರ ಪಕ್ಕದಲ್ಲೇ ಸಣ್ಣ ಅಕ್ಷರಗಳಲ್ಲಿ ಸಿಎಲ್ ಎಂಬ ಇನ್ನೊಂದು ಅಂಕಿಯಿರುತ್ತದೆ: ಕೇಳಿದ ದತ್ತಾಂಶ ಬರತೊಡಗುವ ಮುನ್ನ ಎಷ್ಟು ಮಿಡಿತ ಕಾಯಬೇಕೆಂಬ ಲೆಕ್ಕ. ಗಣಿತದ ಮೇಷ್ಟ್ರಾದವನಿಗೆ ಕೈ ಸುಮ್ಮನಿರುವುದಿಲ್ಲ, ಕ್ಷಮಿಸಿ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದ ಅಂಕಿಯಿಂದ ಭಾಗಿಸಿದರೆ ಆ ಕಾಯುವಿಕೆ ನ್ಯಾನೋಸೆಕೆಂಡುಗಳಲ್ಲಿ ದೊರೆಯುತ್ತದೆ. ಇಪ್ಪತ್ತು ವರ್ಷಗಳ ಹಿಂದಿನ ಡಿಡಿಆರ್-400, ಸಿಎಲ್ 2 ಇದ್ದರೆ ಉತ್ತರ 10. ಡಿಡಿಆರ್4-3200, ಸಿಎಲ್ 16 ಇದ್ದರೆ 10. ಡಿಡಿಆರ್5-6000, ಸಿಎಲ್ 30 ಇದ್ದರೂ ಅದೇ 10! ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 3.2 ಗಿಗಾಬೈಟ್ ಹರಿಯುತ್ತಿದ್ದುದು 48ಕ್ಕೆ ಏರಿದೆ. ಕಾಲುವೆ ಹದಿನೈದು ಪಟ್ಟು ಅಗಲವಾಗಿದೆ. ಆದರೆ ತೂಬು ಎತ್ತಿದ ಮೇಲೆ ಮೊದಲ ನೀರು ಬರುವ ಹೊತ್ತು ಬದಲಾಗಿಲ್ಲ. ಆದ್ದರಿಂದ 6000 ಎಂದಷ್ಟೇ ನೋಡಿ ಸಿಎಲ್ 40 ಇರುವುದನ್ನು ಕೊಂಡರೆ ಆ ಕಾಯುವಿಕೆ 13 ನ್ಯಾನೋಸೆಕೆಂಡನ್ನೂ ಮೀರುತ್ತದೆ.

ಈಗ ನಮ್ಮ ಮನೆಯ ಕಥೆ. 2021ರಲ್ಲಿ ಮೊಮ್ಮಗ ಮತ್ತು ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದಿಡೀ ದಿನ ಅಲೆದು ಸಾಮಾನು ತಂದೆವು. ಮೆಮೊರಿ 8 ಗಿಗಾಬೈಟ್‌ಗಳ ಎರಡು ಸ್ಟಿಕ್, ಡಿಡಿಆರ್4-3200, ಸಿಎಲ್ 16. ಜೋಡಿಸಿ ಎರಡು ತಿಂಗಳಾದ ಮೇಲೆ ತಿಳಿಯಿತು, ಅದು ಅಷ್ಟು ದಿನವೂ 2133ರಲ್ಲಿಯೇ ಓಡುತ್ತಿತ್ತೆಂದು. ಸ್ಟಿಕ್ಕಿನ ಮೇಲಿನ ಪುಟ್ಟ ಚಿಪ್ಪಿನಲ್ಲಿ ಜೆಡೆಕ್ ಸಂಸ್ಥೆಯ ಮಾನಕ ವೇಗವೂ ಇರುತ್ತದೆ, ತಯಾರಕರು ಪರೀಕ್ಷಿಸಿದ ಹೆಚ್ಚಿನ ವೇಗದ ಎಕ್ಸ್‌ಎಂಪಿ ವಿವರವೂ ಇರುತ್ತದೆ. ನಾವಾಗಿ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿಯನ್ನು ಆರಿಸದಿದ್ದರೆ ಯಂತ್ರವು ಮಾನಕ ವೇಗವನ್ನೇ ಹಿಡಿದು ಕೂರುತ್ತದೆ. ಅದನ್ನು ಆರಿಸಿದೆವು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಮೊಮ್ಮಗನಿಗೆ ಉತ್ಸಾಹ. ವೋಲ್ಟೇಜನ್ನು 1.35ರಿಂದ 1.40ಕ್ಕೆ ಏರಿಸಿ, ಸಿಎಲ್ 16 ಅನ್ನೇ ಉಳಿಸಿಕೊಂಡು 3600ಕ್ಕೆ ತಂದ. ಯಂತ್ರ ಎದ್ದು ಕುಳಿತಿತು. ಅರ್ಧ ಗಂಟೆ ಪರೀಕ್ಷೆ ನಡೆಸಿದ, ಒಂದೂ ದೋಷವಿಲ್ಲ. “ನೋಡಿ ಅಜ್ಜ, ದುಡ್ಡಿಲ್ಲದೆ ವೇಗ!” ಎಂದು ಬೀಗಿದ. ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ. ಮುಂದಿನ ಬೇಸಿಗೆಯಲ್ಲಿ ನಾನು ವರ್ಷಗಳಿಂದ ಸ್ಕ್ಯಾನ್ ಮಾಡಿಸಿಟ್ಟಿದ್ದ ಸಾವಿರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಹಳೆಯ ಹಾರ್ಡ್ ಡಿಸ್ಕಿನಿಂದ ಇದಕ್ಕೆ ನಕಲು ಮಾಡಿ, ಹಳೆಯದನ್ನು ಅಳಿಸಿ ಪರಿಚಯದವರಿಗೆ ಕೊಟ್ಟುಬಿಟ್ಟೆ. ನಾಲ್ಕು ತಿಂಗಳ ಮೇಲೆ ಒಂದು ಚಿತ್ರ ತೆರೆದರೆ ಮೇಲಿನ ಅರ್ಧ ಸರಿಯಾಗಿದೆ, ಕೆಳಗಿನ ಅರ್ಧ ಬಣ್ಣಗೆಟ್ಟು ಪಕ್ಕಕ್ಕೆ ಜರುಗಿದೆ. ಒಂದೊಂದಾಗಿ ತೆರೆದು ನೋಡಲು ಮೂರು ದಿನ ಹಿಡಿಯಿತು. ಕೆಟ್ಟವು 23. ಆ ರಾತ್ರಿ ಮೆಮ್‌ಟೆಸ್ಟ್ ಪರೀಕ್ಷೆಯನ್ನು ಬೆಳಗಿನವರೆಗೆ ಓಡಲು ಬಿಟ್ಟೆವು. ಮೊದಲ ಮೂರು ಗಂಟೆ ಎಲ್ಲವೂ ಸರಿ. ಆಮೇಲೆ ಕೆಂಪು ಸಾಲುಗಳು ಕಾಣಿಸಿಕೊಂಡವು. 3200ಕ್ಕೆ ಇಳಿಸಿದ ಮೇಲೆ ಒಂದೂ ಇಲ್ಲ.

ಸ್ಟಿಕ್ಕನ್ನಾಗಲಿ ಕಂಪನಿಯನ್ನಾಗಲಿ ನಾನು ದೂರುವುದಿಲ್ಲ. ಮೆಮೊರಿಯ ಒಂದೊಂದು ಬಿಟ್ಟೂ ಸೋರುವ ಪುಟ್ಟ ಗಡಿಗೆಯಲ್ಲಿ ತುಂಬಿಟ್ಟ ವಿದ್ಯುದಂಶ. ಡಿಡಿಆರ್4ರಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಗಡಿಗೆಗಳನ್ನೂ ಮರಳಿ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಗತಿ ಏರಿಸಿದಷ್ಟೂ ಗಡಿಗೆ ತುಂಬಿದೆಯೋ ಇಲ್ಲವೋ ಎಂದು ಇಣುಕಿ ನೋಡಲು ಸಿಗುವ ಅವಕಾಶ ಕಡಿಮೆ. ತಪ್ಪು ಓದಿದರೂ ಯಂತ್ರ ಕೂಗಿಕೊಳ್ಳುವುದಿಲ್ಲ. ಪ್ರೊಸೆಸರ್ ಅತಿಯಾಗಿ ಬಿಸಿಯಾದರೆ ತಾನೇ ವೇಗ ತಗ್ಗಿಸುತ್ತದೆ, ಇಲ್ಲವೇ ಯಂತ್ರ ನಿಲ್ಲುತ್ತದೆ. ಮೆಮೊರಿಯಾದರೋ ತಪ್ಪನ್ನೇ ಸರಿಯೆಂದು ಒಪ್ಪಿಸಿ ಮುಂದೆ ಸಾಗುತ್ತದೆ.

ತಪ್ಪನ್ನು ಗುರುತಿಸಿ ತಿದ್ದುವ ಇಸಿಸಿ ಮೆಮೊರಿ ಸರ್ವರುಗಳಲ್ಲಿ ಬಹುಕಾಲದಿಂದ ಇದೆ. ಅದು ಮನೆಯ ಯಂತ್ರಗಳಿಗೆ ದಕ್ಕದಂತಾದುದಕ್ಕೆ ಲಿನಕ್ಸ್ ಜನಕ ಲೈನಸ್ ಟೋರ್ವಾಲ್ಡ್ಸ್ 2021ರ ಜನವರಿಯಲ್ಲಿ ಇಂಟೆಲ್ ಕಂಪನಿಯನ್ನು ಕಟುವಾಗಿ ಟೀಕಿಸಿದ್ದರು. ಅಂದು ಓದಿ ಮರೆತಿದ್ದೆ, ಆ 23 ಚಿತ್ರಗಳಾದ ಮೇಲೆ ನೆನಪಾಯಿತು. ಡಿಡಿಆರ್5ರಲ್ಲಿ ಚಿಪ್ಪಿನ ಒಳಗೇ ಒಂದು ತಿದ್ದುಪಡಿ ವ್ಯವಸ್ಥೆಯಿದೆ. ಆದರೆ ಚಿಪ್ಪಿನಿಂದ ಪ್ರೊಸೆಸರಿನವರೆಗಿನ ದಾರಿಗೆ ಅದು ಕಾವಲಲ್ಲ.

“ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕಿಂಗ್ ತಾನೇ ಅಜ್ಜ?” ಎಂದು ಮೊಮ್ಮಗ ಈಗಲೂ ವಾದಿಸುತ್ತಾನೆ. ವಾದ ಸರಿ. ಕಂಪನಿ ಪರೀಕ್ಷಿಸಿರುವುದು ಸ್ಟಿಕ್ಕನ್ನು, ನಿಮ್ಮ ಮನೆಯ ಪ್ರೊಸೆಸರನ್ನಲ್ಲ. 2023ರಲ್ಲಿ ಎಎಮ್‌ಡಿಯ ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಸುಟ್ಟವು. ಮೆಮೊರಿಯ ಎಕ್ಸ್‌ಪೋ ವಿವರವನ್ನು ಆರಿಸಿದಾಗ ಕೆಲವು ಮದರ್‌ಬೋರ್ಡುಗಳು ಪ್ರೊಸೆಸರಿನ ಒಂದು ಭಾಗಕ್ಕೆ ಮಿತಿಮೀರಿ ವೋಲ್ಟೇಜ್ ಕೊಡುತ್ತಿದ್ದವು. ಎಎಮ್‌ಡಿ ಅದಕ್ಕೆ 1.3 ವೋಲ್ಟ್‌ಗಳ ಕಡಿವಾಣ ಹಾಕಬೇಕಾಯಿತು. ಆದರೂ ಯಾರೋ ಒಬ್ಬರು ಪರೀಕ್ಷಿಸಿದ ವೇಗಕ್ಕೂ ಯಾರೂ ಪರೀಕ್ಷಿಸದ ವೇಗಕ್ಕೂ ವ್ಯತ್ಯಾಸವಿದೆಯೆಂದು ನನ್ನ ನಿಲುವು. ಆಟಕ್ಕೆಂದೇ ಇಟ್ಟ ಯಂತ್ರವನ್ನು ಬೇಕಾದಂತೆ ಓಡಿಸಲಿ, ಆಟ ನಿಂತರೆ ಮತ್ತೆ ಆಡಬಹುದು. ಮನೆಯ ಲೆಕ್ಕಪತ್ರ, ಚಿತ್ರ, ಬರಹಗಳಿರುವ ಯಂತ್ರದಲ್ಲಿ ಅದು ಸಲ್ಲದು.

ಶಿಷ್ಯನಿಗೆ ಹೇಳಿದ್ದು ಇಷ್ಟು. ಹಣ ಕಡಿಮೆಯಿದ್ದರೆ ವೇಗವನ್ನು ಬಿಡು, ಗಿಗಾಬೈಟ್ ಬಿಡಬೇಡ. 16ಕ್ಕಿಂತ ಕಡಿಮೆ ಬೇಡವೇ ಬೇಡ. ಎರಡು ಸ್ಟಿಕ್‌ಗಳನ್ನು ಒಂದೇ ಡಬ್ಬದಲ್ಲಿ ಜೋಡಿಯಾಗಿ ಬಂದದ್ದನ್ನೇ ತೆಗೆದುಕೋ. ಮದರ್‌ಬೋರ್ಡ್ ತಯಾರಕರು ತಾವು ಪರೀಕ್ಷಿಸಿದ ಮೆಮೊರಿಗಳ ಪಟ್ಟಿ ಪ್ರಕಟಿಸಿರುತ್ತಾರೆ, ಅದರಲ್ಲಿ ಹುಡುಕು. ನಾಲ್ಕು ಸಂದುಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು ಮತ್ತು ನಾಲ್ಕನೆಯದು. ಈಗ ಎರಡು, ಆಮೇಲೆ ಇನ್ನೆರಡು ಎಂಬ ಯೋಚನೆ ಡಿಡಿಆರ್5ರಲ್ಲಿ ಬೇಡ: ರೈಜನ್ 7000 ಸರಣಿಗೆ ಎರಡು ಸ್ಟಿಕ್ ಇದ್ದಾಗ ಕಂಪನಿ ಒಪ್ಪುವ ವೇಗ 5200, ನಾಲ್ಕಾದರೆ 3600. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆರಿಸಿದ ಮೇಲೆ ಒಂದು ಇಡೀ ರಾತ್ರಿ ಪರೀಕ್ಷೆ ಓಡಲಿ. ಒಂದೇ ಒಂದು ದೋಷ ಬಂದರೂ ವೇಗ ಇಳಿಸು.

ಇನ್ನು ನಿಮ್ಮೆಲ್ಲರಲ್ಲಿ ಒಂದು ಬೇಡಿಕೆ. ಆ 23ರಲ್ಲಿ 1987ರ ಹತ್ತನೆಯ ತರಗತಿಯ ಬೀಳ್ಕೊಡುಗೆಯ ಚಿತ್ರವೂ ಒಂದು. ಮೂಲಪ್ರತಿ ಗೆದ್ದಲಿನ ಪಾಲಾಗಿ ಬಹಳ ವರ್ಷವಾಯಿತು. ಬೆಂಚಿನ ಮೇಲೆ ನಿಂತಿದ್ದ ಎತ್ತರದ ಹುಡುಗರು ಹಾಗೆಯೇ ಉಳಿದಿದ್ದಾರೆ, ನಡುವಿನ ಸಾಲಿನ ನಾವು ಮೇಷ್ಟ್ರುಗಳು ಕುತ್ತಿಗೆಯವರೆಗೆ ಇದ್ದೇವೆ. ಮುಂದೆ ನೆಲದ ಮೇಲೆ ಕಾಲು ಮಡಚಿ ಕುಳಿತಿದ್ದ ಹದಿಮೂರು ಮಂದಿಯ ಜಾಗದಲ್ಲಿ ಹಸಿರು, ನೇರಳೆ ಪಟ್ಟಿಗಳಷ್ಟೇ ಇವೆ. ನಿಮ್ಮಲ್ಲಿ ಯಾರ ಬಳಿಯಾದರೂ ಆ ಚಿತ್ರದ ಪ್ರತಿಯಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹಿಂದಿರುಗಿಸುತ್ತೇನೆ.