ದೊರೆ ಯಾವ ಮಾತಿಗೆ ಹೆದರಿದ?

ಆಫ್ರಿಕಾದ ಲೇಖಕ ಇಂಗ್ಲಿಷಿನಲ್ಲಿ ಬರೀಬೇಕೋ ತಾಯಿನುಡಿಯಲ್ಲೋ ಅಂತ ಪಂಡಿತರು ದಶಕಗಳಿಂದ ಜಗಳಾಡ್ತಾ ಬಂದಿದ್ದಾರೆ. ನಾವು ಬೇರೆ ಪ್ರಶ್ನೆ ಕೇಳ್ತೀವಿ: ದೊರೆಗಳು ಹೆದರಿದ್ದು ಯಾವ ಮಾತಿಗೆ?

ಕೀನ್ಯಾದ ಗೂಗಿ ವಾ ಥಿಯಾಂಗೊ (1938–2025) ಬ್ರಿಟಿಷರ ಕಾಲದಲ್ಲಿ ಓದಿದವನು. ಆಗ ಶಾಲೆಯಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಕ್ಕಳಿಗೆ ಬೆತ್ತದೇಟು. ಇಲ್ಲವೇ 'ನಾನು ಕತ್ತೆ' ಅಂತ ಬರೆದ ತಗಡು ಕೊರಳಿಗೆ. ಅವ್ವನ ಮಾತು ಅಪರಾಧ!

1963ರಲ್ಲಿ ಬಿಳಿಯರ ಬಾವುಟ ಇಳಿಯಿತು. ಕುರ್ಚಿಯಲ್ಲಿ ಕರಿಯರು ಕೂತರು. 1977ರಲ್ಲಿ ಆ ಹೊಸ ದೊರೆಗಳನ್ನು ಬಯಲಿಗೆಳೆದು ಗೂಗಿ ಇಂಗ್ಲಿಷಿನಲ್ಲಿ 'ಪೆಟಲ್ಸ್ ಆಫ್ ಬ್ಲಡ್' ತಂದ. ಮಂತ್ರಿಯೇ ಬಂದು ಬಿಡುಗಡೆ ಮಾಡಿದ! ಅದೇ ವರ್ಷ ಕಾಮಿರೀಥು ಹಳ್ಳಿಯ ರೈತರು, ಕೂಲಿಗಳು, ಕಾರ್ಖಾನೆ ಕೆಲಸಗಾರರು ಅವನ ಜೊತೆ ಸೇರಿ ಗಿಕುಯುವಿನಲ್ಲಿ ನಾಟಕ ಆಡಿದರು. ನಾಟಕಕ್ಕೆ ನಿಷೇಧ. ಗೂಗಿಗೆ ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಜೈಲು. ಅಲ್ಲಿ ಕಕ್ಕಸಿನ ಕಾಗದದ ಮೇಲೆ ಗಿಕುಯುವಿನಲ್ಲೇ ಕಾದಂಬರಿ ಬರೆದ. 1982ರಲ್ಲಿ ಸರ್ಕಾರ ಆ ಊರಿನ ರಂಗಮಂದಿರವನ್ನೇ ಕೆಡವಿಸಿತು.

ಅರ್ಥ ಆಯ್ತಲ್ಲ? ಓದುಬಲ್ಲವರ ಪುಸ್ತಕದಲ್ಲಿ ಬೈದರೆ ಸನ್ಮಾನ. ದುಡಿಯುವವನೇ ಬಾಯಿಬಿಟ್ಟರೆ ಪೊಲೀಸು.

ಹಾಗಂತ ತಾಯಿನುಡಿ ಅಂದಕೂಡಲೇ ನಾವು ಕೈಮುಗಿಯೋದಿಲ್ಲ. ನೈಜೀರಿಯಾದ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಓದಿ. ಇಗ್ಬೊ ಜನ ತಮ್ಮವರನ್ನೇ 'ಓಸು' ಅಂತ ದೂರ ಇಟ್ಟಿದ್ದರು. ದೇವರಿಗೆ ಬಿಟ್ಟವರು. ಕೂದಲು ಕತ್ತರಿಸುವಂತಿಲ್ಲ, ಊರಿನವರಲ್ಲಿ ಮದುವೆಯಿಲ್ಲ, ಸತ್ತರೆ ಕೇಡಿನ ಕಾಡಲ್ಲಿ ಮಣ್ಣು. ಈ 'ಓಸು' ಯಾವ ಭಾಷೆಯ ಪದ? ಬಿಳಿಯರದಲ್ಲ, ಅವ್ವನ ಭಾಷೆಯದು! ಬಿಳಿಯರು ಬಂದು ಊರು ಒಡೆದರು ಅಂತ ಅಳುವವರು, ಓಸುಗಳು ತಲೆ ಬೋಳಿಸಿಕೊಂಡು ಚರ್ಚಿನಲ್ಲಿ ಯಾಕೆ ಕೂತರು ಅಂತ ಕೇಳೋದಿಲ್ಲ.

ಹೋಗಲಿ, ಚರ್ಚು, ಇಂಗ್ಲಿಷು ಕೈಹಿಡಿದವೆ? 1956ರಲ್ಲಿ ಪೂರ್ವ ನೈಜೀರಿಯಾದಲ್ಲಿ ಓಸು ಪದ್ಧತಿ ಕಾನೂನಿನಿಂದ ರದ್ದಾಯಿತು. ಅಚಿಬೆಯ 1960ರ 'ನೋ ಲಾಂಗರ್ ಅಟ್ ಈಸ್'ನಲ್ಲಿ ಓಬಿ, ಕ್ಲಾರಾ ಇಬ್ಬರೂ ಇಂಗ್ಲೆಂಡಿನಲ್ಲಿ ಓದಿ ಬಂದವರು. ಓಬಿಯ ಅಪ್ಪ ಕ್ರೈಸ್ತ ಬೋಧಕ. ಆದರೂ ಕ್ಲಾರಾ ಓಸು ಅಂತ ಅಪ್ಪ ಬೇಡ ಅಂದ. ಅವ್ವ ಪ್ರಾಣ ಕಳ್ಕೊತೀನಿ ಅಂದಳು. ಮದುವೆ ಮುರಿಯಿತು.

ಹಾಸ್ಟೆಲಿನ ಗೆಳೆಯರೆ, ಓಸುವಿನ ನೋವು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷೇ ಬಿಡುಗಡೆ ಅನ್ನೋರನ್ನೂ, ತಾಯಿನುಡಿಯೇ ಬಿಡುಗಡೆ ಅನ್ನೋರನ್ನೂ ಸಭೆಯಲ್ಲಿ ಎದ್ದು ನಿಂತು ಕೇಳಿ: ನಿಮ್ಮ ಭಾಷೆಯಲ್ಲಿ ಓಸು ಮಾತಾಡಬಹುದೆ? ಮಾತಾಡಿದರೆ ಎದ್ದು ಹೋಗದೆ ಕೂತು ಕೇಳ್ತೀರಾ?