ಹುಲಿ ಫೋಟೊ ಸಾಕಷ್ಟು ನೋಡಿದ್ದೇವೆ, ನಮ್ಮ ತೋಳದ ಫೋಟೊ ಎಲ್ಲಿ?

ವನ್ಯಜೀವಿ ಫೋಟೊ ಪ್ರದರ್ಶನ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕೆರೆಯಲ್ಲಿ ನೀರು ಕುಡಿಯುವ ಹುಲಿ, ಮೈಮೇಲೆ ಮಣ್ಣು ಎರಚಿಕೊಳ್ಳುವ ಆನೆ, ಕೊಂಬೆಯ ಮೇಲೆ ಮಲಗಿದ ಚಿರತೆ. ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ ಬರುತ್ತದೆ. ಆಗ ಪೇಪರಿನಲ್ಲಿ, ಮೊಬೈಲಿನಲ್ಲಿ, ಪ್ರದರ್ಶನದ ಗೋಡೆಗಳಲ್ಲಿ ಹೆಚ್ಚಾಗಿ ಕಾಣುವುದು ಇವೇ.

ಚೆಂದದ ಫೋಟೊಗಳು, ಅದರಲ್ಲಿ ತಕರಾರಿಲ್ಲ. ಆದರೆ ಅವನ್ನು ನೋಡುತ್ತ ಬೆಳೆದ ಹುನಗುಂದದ, ಇಳಕಲ್ಲಿನ ಮಕ್ಕಳ ತಲೆಯಲ್ಲಿ ಒಂದು ಲೆಕ್ಕ ಕೂತುಬಿಡುತ್ತದೆ: ಕಾಡುಪ್ರಾಣಿ ಇರುವುದು ಬಂಡೀಪುರದಲ್ಲಿ, ನಾಗರಹೊಳೆಯಲ್ಲಿ, ನಮ್ಮ ಕಡೆ ಬರೀ ಗುಡ್ಡ, ಬಿಸಿಲು, ಜಾಲಿ ಮುಳ್ಳು.

ಈ ಲೆಕ್ಕ ತಪ್ಪು. ಇದರಿಂದ ಆಗುವ ನಷ್ಟವೂ ಸಣ್ಣದಲ್ಲ.

ನಮ್ಮಲ್ಲಿ ಏನಿದೆ?

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವೆ ಯಡಹಳ್ಳಿ ಇದೆ. ಅಲ್ಲಿರುವುದು ಚಿಂಕಾರಕ್ಕಾಗಿ ರಾಜ್ಯದಲ್ಲಿ ಮೊದಲು ಘೋಷಣೆಯಾದ ವನ್ಯಜೀವಿಧಾಮ. ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಚಿಂಕಾರ ಅಂದರೆ ಸಣ್ಣ ಮೈಕಟ್ಟಿನ, ಕಂದು ಬಣ್ಣದ ಜಿಂಕೆ ಜಾತಿ. ಕುರುಚಲು ಗುಡ್ಡದಲ್ಲಿ ಬದುಕುತ್ತದೆ. ನೀರು ಸಿಗದಿದ್ದರೂ ಬಹಳ ದಿನ ಸೊಪ್ಪಿನ ತೇವದಲ್ಲೇ ಕಾಲ ಹಾಕುತ್ತದೆ. ಬರಗಾಲ ಕಂಡ ನಮ್ಮ ಜನರ ಹಾಗೆಯೇ ಗಟ್ಟಿ ಜೀವ.

ತೋಳ ಇದೆ, ನರಿ ಇದೆ, ಕತ್ತೆಕಿರುಬ ಇದೆ. ಎರೆ ಹೊಲಗಳ ಕಡೆ ಚಿಗರಿ, ಅಂದರೆ ಕೃಷ್ಣಮೃಗ ಇದೆ. ಆಲಮಟ್ಟಿ ಹಿನ್ನೀರು ಇಳಿದು ಕೆಸರು ಬಯಲಾದಾಗ ಬಾಗಲಕೋಟೆಯ ಸುತ್ತ ರಾಜಹಂಸಗಳು ಬಂದಿಳಿಯುತ್ತವೆ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು.

ಇವನ್ನೆಲ್ಲ ಮೊದಲು ನೋಡುವವರು ಯಾರು? ಕುರಿಗಾಹಿಗಳು, ರಾತ್ರಿ ನೀರು ಹಾಯಿಸಲು ಹೋದ ರೈತರು, ಮೀನುಗಾರರು. ಆದರೆ ಪ್ರದರ್ಶನದ ಗೋಡೆಯ ಮೇಲೆ ಇವರೂ ಇಲ್ಲ, ಇವರು ನೋಡಿದ ಪ್ರಾಣಿಗಳೂ ಇಲ್ಲ.

ಫೋಟೊ ಇಲ್ಲದ್ದಕ್ಕೆ ಬೆಲೆ ಇಲ್ಲ

ಬರೀ ಫೋಟೊ ತಾನೆ, ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಒಂದು ಅಂಕಿ ನೋಡಿ. 2022ರ ಗಣತಿ ಪ್ರಕಾರ ದೇಶದಲ್ಲಿ ಸರಾಸರಿ 3,682 ಹುಲಿಗಳಿವೆ, ಕರ್ನಾಟಕದಲ್ಲಿ 563. ಭಾರತದ ತೋಳಗಳು ಎಷ್ಟು? ತಜ್ಞರ ಅಂದಾಜು ಸುಮಾರು 3,000. ಹುಲಿಗಿಂತ ತೋಳವೇ ಕಡಿಮೆ! ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಎರಡೂ ಒಂದನೇ ಪಟ್ಟಿಯಲ್ಲೇ ಇವೆ. ಆದರೂ ಹುಲಿ ಸತ್ತರೆ ದೊಡ್ಡ ಸುದ್ದಿ, ತೋಳ ಸತ್ತರೆ ಸುದ್ದಿಯೇ ಇಲ್ಲ. ನಮ್ಮಲ್ಲೇ ಗಾದೆ ಇದೆಯಲ್ಲ, ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.

ಪ್ರಾಣಿಗಷ್ಟೇ ಅಲ್ಲ, ಅದು ನಿಂತ ನೆಲಕ್ಕೂ ಹೀಗೆಯೇ. ಮರ ಇದ್ದರೆ ಕಾಡು. ಹುಲ್ಲು, ಕುರುಚಲು, ಕಲ್ಲು ಇದ್ದರೆ ಪಾಳುಭೂಮಿ. ಪಾಳು ಎಂದು ಒಮ್ಮೆ ಬರೆದರೆ ಅದನ್ನು ಯಾವುದಕ್ಕೆ ಕೊಟ್ಟರೂ ಯಾರೂ ಕೇಳುವುದಿಲ್ಲ. ಆದರೆ ಆ ಪಾಳಿನಲ್ಲೇ ನಮ್ಮ ಕುರಿ, ಆಕಳು ಮೇಯುತ್ತವೆ. ಅದರಲ್ಲೇ ತೋಳ ಮರಿ ಹಾಕುತ್ತದೆ. ಗೋಮಾಳ ಹೋದರೆ ಕುರಿಗಾಹಿಯೂ ಹೋದ, ತೋಳವೂ ಹೋಯಿತು.

ಇದಕ್ಕೆ ಸಾಕ್ಷಿ ದೂರ ಇಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ವನ್ಯಜೀವಿಧಾಮ ಆಯಿತು. ಅದು ಕೃಷ್ಣಮೃಗದ ಜತೆ ಎರೆಭೂತ ಹಕ್ಕಿಗೂ ಹೆಸರಾಗಿತ್ತು. ಎರೆಭೂತ ನಮ್ಮ ಬಯಲುಸೀಮೆಯ ದೊಡ್ಡ ಹಕ್ಕಿ, ಬಯಲು ಹುಲ್ಲುಗಾವಲು ಇಲ್ಲದೆ ಬದುಕದು. ಅಲ್ಲಿ ಹುಲ್ಲಿನ ನೆಲದ ಮೇಲೆ ನೀಲಗಿರಿ ನೆಟ್ಟರು. ಕೃಷ್ಣಮೃಗ ಉಳಿಯಿತು, ಎರೆಭೂತ ಈಗ ಅಲ್ಲಿಲ್ಲ. ರಾಜ್ಯದಲ್ಲಿ ಇಂದು ಅದು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ, ಅದೂ ಬೆರಳೆಣಿಕೆಯಷ್ಟು. ಇಂದಿನ ಎಷ್ಟು ಮಕ್ಕಳಿಗೆ ಅದರ ಹೆಸರು ಗೊತ್ತು? ಹೆಸರು ಗೊತ್ತಿಲ್ಲದ್ದು ಕಳೆದುಹೋದರೆ ಹುಡುಕುವವರೂ ಇರುವುದಿಲ್ಲ.

ಅದಕ್ಕೇ ನನ್ನ ವಾದ ಇಷ್ಟು: ಬಾಗಲಕೋಟೆ ಜಿಲ್ಲೆಯ ಪ್ರಾಣಿಗಳದ್ದೇ ಒಂದು ಫೋಟೊ ಪ್ರದರ್ಶನ ಬೇಕು. ಅದು ಬಾದಾಮಿಯ ಮ್ಯೂಸಿಯಂನಲ್ಲಿ ಶುರುವಾಗಬೇಕು, ಅಲ್ಲಿಂದ ನಮ್ಮ ಊರೂರಿಗೆ ಬರಬೇಕು.

ಬಾದಾಮಿಯೇ ಯಾಕೆ?

ಅಗಸ್ತ್ಯ ತೀರ್ಥದ ದಂಡೆಯಲ್ಲಿ, ಉತ್ತರದ ಕೋಟೆ ಗುಡ್ಡದ ಬುಡದಲ್ಲಿ ಪುರಾತತ್ವ ಇಲಾಖೆಯ ವಸ್ತು ಸಂಗ್ರಹಾಲಯ ಇದೆ. ಲಜ್ಜಾಗೌರಿ ಶಿಲ್ಪ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದೇ ಮ್ಯೂಸಿಯಂನಲ್ಲಿ ಇನ್ನೊಂದು ಸಂಗತಿ ಇದೆ, ಬಹಳ ಜನ ಅದರ ಮುಂದೆ ನಿಲ್ಲದೆ ಹೋಗಿಬಿಡುತ್ತಾರೆ. ಅದು ಸಿಡಿಲಫಡಿಯ ಮಾದರಿ.

ಸಿಡಿಲಫಡಿ ಬಾದಾಮಿ ಹತ್ತಿರದ ಗುಡ್ಡದಲ್ಲಿರುವ ಕಲ್ಲಾಸರೆ. ಚಾಲುಕ್ಯರು ಬರುವುದಕ್ಕೆ ಎಷ್ಟೋ ಮುಂಚೆ ಅಲ್ಲಿ ಬೇಟೆಯಾಡಿ ಬದುಕಿದ ಜನರಿದ್ದರು. ಈ ಭಾಗದ ಬಂಡೆಗಳ ಮೇಲೆ ಅಂಥ ಜನ ಕೆಂಪು ಬಣ್ಣದಲ್ಲಿ ಪ್ರಾಣಿಗಳನ್ನು, ಮನುಷ್ಯರನ್ನು ಬರೆದಿಟ್ಟಿದ್ದಾರೆ. ಕ್ಯಾಮೆರಾ ಇಲ್ಲದ ಕಾಲದ ವನ್ಯಜೀವಿ ಚಿತ್ರ ಅದು. ತಾವು ಕಂಡ ಪ್ರಾಣಿಯನ್ನೇ, ತಮ್ಮ ಊರಿನ ಕಲ್ಲಿನ ಮೇಲೇ ಅವರು ಬರೆದರು.

ಅಂಥ ನೆಲದ ಮ್ಯೂಸಿಯಂನಲ್ಲಿ, ಆ ಹಳೆಯ ಚಿತ್ರಗಳ ಮಾದರಿಯ ಪಕ್ಕದಲ್ಲಿ, ಇವತ್ತು ಅದೇ ಗುಡ್ಡಗಳಲ್ಲಿ ಬದುಕಿರುವ ಪ್ರಾಣಿಗಳ ಫೋಟೊ ಹಾಕಿದರೆ ಎಷ್ಟು ಅರ್ಥ ಬರುತ್ತದೆ! ಅಂದು ಏನಿತ್ತು, ಇಂದು ಏನು ಉಳಿದಿದೆ ಎಂಬುದು ಭಾಷಣ ಇಲ್ಲದೆಯೇ ತಿಳಿಯುತ್ತದೆ.

ಅಡಚಣೆಯೂ ಹೆಚ್ಚಿಲ್ಲ. ಪುರಾತತ್ವ ಇಲಾಖೆ ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಮಾಡುತ್ತದೆ, ಫೋಟೊ ಪ್ರದರ್ಶನ ಇಡುವುದು ಅದಕ್ಕೆ ಹೊಸದಲ್ಲ. 15 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಐಹೊಳೆಯಲ್ಲಿ, ದುರ್ಗ ಗುಡಿಯ ಆವರಣದಲ್ಲಿ ಇದೇ ಇಲಾಖೆಯ ಇನ್ನೊಂದು ಮ್ಯೂಸಿಯಂ ಇದೆ. ಹುನಗುಂದ, ಇಳಕಲ್ ಕಡೆಯವರಿಗೆ ಅದು ಇನ್ನೂ ಹತ್ತಿರ. ಪ್ರಾಣಿ, ಪಕ್ಷಿ, ಗಿಡಗಳಿಗಾಗಿಯೇ ಇರುವ ಮ್ಯೂಸಿಯಂ ನೋಡಬೇಕೆಂದರೆ ಇಂದು ನಮ್ಮ ಶಾಲೆ ಮಕ್ಕಳು ಮೈಸೂರಿನ ಕಾರಂಜಿ ಕೆರೆ ದಂಡೆಗೆ ಹೋಗಬೇಕು. ರಾತ್ರಿಯಿಡೀ ಬಸ್ಸಿನ ದಾರಿ. ಎಷ್ಟು ಮಕ್ಕಳು ಹೋದಾರು?

ಲಂಡನ್ನಿನ ತೋಳದ ಪಾಠ

ಪ್ರದರ್ಶನ ಅಂದರೆ ಗೋಡೆಗೆ ದೊಡ್ಡ ಫೋಟೊ ಹಾಕುವುದಷ್ಟೇ ಅಲ್ಲ. ಕೆಳಗೆ ಬರೆದ ನಾಲ್ಕು ಸಾಲೂ ಅಷ್ಟೇ ಮುಖ್ಯ: ಯಾರು ತೆಗೆದರು, ಎಲ್ಲಿ, ಯಾವಾಗ, ಹೇಗೆ. ಇದರ ಬೆಲೆ ಗೊತ್ತಾಗಲು ಲಂಡನ್ನಿನ ಒಂದು ಪ್ರಸಂಗ ಕೇಳಿ.

ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪ್ರತಿ ವರ್ಷ ವನ್ಯಜೀವಿ ಫೋಟೊ ಸ್ಪರ್ಧೆ ನಡೆಸಿ, ಗೆದ್ದ ಫೋಟೊಗಳ ಪ್ರದರ್ಶನ ಮಾಡುತ್ತದೆ. 1965ರಲ್ಲಿ ಶುರುವಾದ ಸ್ಪರ್ಧೆ ಇದು, ಜಗತ್ತಿನಲ್ಲೇ ದೊಡ್ಡ ಹೆಸರು. 2009ರಲ್ಲಿ ಮೊದಲ ಬಹುಮಾನ ಸ್ಪೇನ್ ದೇಶದ ಒಂದು ಫೋಟೊಗೆ ಬಂತು. ರಾತ್ರಿ ಹೊತ್ತು ತೋಳವೊಂದು ದಡ್ಡಿಯ ಕಟ್ಟಿಗೆ ಗೇಟನ್ನು ಹಾರುವ ಫೋಟೊ ಅದು. ಆದರೆ ಅದು ಕಾಡಿನ ತೋಳವಲ್ಲ, ಪಳಗಿಸಿದ ತೋಳ ಇರಬೇಕು ಎಂಬ ಅನುಮಾನ ಎದ್ದಿತು. ಛಾಯಾಗ್ರಾಹಕ ಒಪ್ಪಲಿಲ್ಲ. ವಿಚಾರಣೆ ನಡೆಸಿದ ತೀರ್ಪುಗಾರರು 2010ರ ಜನವರಿಯಲ್ಲಿ ಬಹುಮಾನ ವಾಪಸ್ ಪಡೆದರು. ಎಷ್ಟೇ ಚೆಂದ ಇದ್ದರೂ ಸುಳ್ಳು ಸುಳ್ಳೇ ಎಂದು ಮ್ಯೂಸಿಯಂ ತೋರಿಸಿಕೊಟ್ಟಿತು.

ಈಗ ನಮ್ಮ ಮೊಬೈಲ್ ನೋಡಿ. ಎಲ್ಲೋ ತೆಗೆದ ಚಿರತೆ ಫೋಟೊ ಗ್ರೂಪಿಗೆ ಬೀಳುತ್ತದೆ. ಮೇಲೆ "ನಮ್ಮೂರ ಹೊಲದಾಗ ಚಿರತಿ ಬಂದೈತಿ, ಎಲ್ಲಾರಿಗೂ ಕಳಸ್ರಿ" ಅಂತ ಬರಹ. ಸಂಜೆಗೆ ಜನ ಬಡಿಗೆ ಹಿಡಿದು ಗುಡ್ಡ ಹತ್ತುತ್ತಾರೆ. ಆ ಹೊತ್ತಿಗೆ ಪಾಪದ ನರಿಯೋ, ಕತ್ತೆಕಿರುಬವೋ ಎದುರಾದರೆ ಅದರ ಕಥೆ ಮುಗಿಯಿತು. ಈಗಂತೂ ಕಂಪ್ಯೂಟರೇ ಪ್ರಾಣಿಯ ಫೋಟೊ ಹುಟ್ಟಿಸುತ್ತದೆ. ಯಾರು, ಎಲ್ಲಿ, ಯಾವಾಗ, ಹೇಗೆ ಎಂದು ಕೇಳುವ ರೂಢಿ ಮಕ್ಕಳಿಗೆ ಪ್ರದರ್ಶನದಲ್ಲಿ ಬಿದ್ದರೆ ಅದು ಮೊಬೈಲಿಗೂ ಬರುತ್ತದೆ.

ಅದೇ ಸ್ಪರ್ಧೆಯಿಂದ ಇನ್ನೊಂದು ಪಾಠವೂ ಇದೆ. 2021ರಲ್ಲಿ ಮಕ್ಕಳ ವಿಭಾಗದ ದೊಡ್ಡ ಪ್ರಶಸ್ತಿ ಗೆದ್ದವನು ಬೆಂಗಳೂರಿನ ಹತ್ತು ವರ್ಷದ ಹುಡುಗ ವಿದ್ಯುನ್ ಹೆಬ್ಬಾರ್. ಅವನು ತೆಗೆದದ್ದು ಹುಲಿಯನ್ನಲ್ಲ, ಗೋಡೆಯ ಸಂದಿಯಲ್ಲಿ ಬಲೆ ಕಟ್ಟಿದ ಜೇಡವನ್ನು. ಹಿಂದೆ ಹಾದುಹೋದ ಆಟೋರಿಕ್ಷಾದ ಬಣ್ಣವೇ ಫೋಟೊಗೆ ಹಿನ್ನೆಲೆಯಾಯಿತು. ಸಫಾರಿ ಜೀಪು ಹತ್ತಿದವರಿಗೆ ಮಾತ್ರ ವನ್ಯಜೀವಿ ಸಿಗುವುದಿಲ್ಲ. ನಮ್ಮ ಹಿತ್ತಲ ಗೋಡೆಯಲ್ಲೂ ಅದು ಇದೆ.

"ಕುರಿ ಹೋದರ ನೀವು ಕೊಡ್ತೀರೇನು?"

ಕುರಿ ಸಾಕಿದವರು ಈ ಮಾತು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ತೋಳದ ಚೆಂದ ಹೊಗಳುವವರು ಬೆಳಗ್ಗೆ ದಡ್ಡಿಯಲ್ಲಿ ಸತ್ತ ಮರಿಗಳನ್ನು ಎಣಿಸಿದವರಲ್ಲ. ಚಿಗರಿಯನ್ನು ನೋಡಿ ಖುಷಿಪಡುವವರು ಅದು ಮೇಯ್ದ ಕಡಲೆ ಹೊಲದ ಸಾಲ ತೀರಿಸುವವರಲ್ಲ. ಈ ನಷ್ಟವನ್ನು ಮುಚ್ಚಿಟ್ಟು ಬರೀ ಸೊಬಗು ತೋರಿಸುವ ಪ್ರದರ್ಶನ ನಮಗೆ ಬೇಡ.

ಬದಲಿಗೆ, ತೋಳದ ಫೋಟೊ ಪಕ್ಕದಲ್ಲೇ ಕುರಿಗಾಹಿಯ ಫೋಟೊ, ಅವರ ಮಾತು ಇರಲಿ. ತೋಳ ಯಾವ ಹೊತ್ತಿಗೆ ಬರುತ್ತದೆ, ನಾಯಿ ಹೇಗೆ ಕಾಯುತ್ತದೆ, ಯಾವ ವರ್ಷ ಎಷ್ಟು ಮರಿ ಹೋದವು ಎಂದು ಅವರೇ ಹೇಳಲಿ. ಕೆಳಗೆ ಒಂದು ಫಲಕದಲ್ಲಿ ಪರಿಹಾರ ಪಡೆಯುವ ದಾರಿಯನ್ನು ದೊಡ್ಡ ಅಕ್ಷರದಲ್ಲಿ ಬರೆದಿರಲಿ. ಕಾಡುಪ್ರಾಣಿಯಿಂದ ಕುರಿ, ಆಕಳು ಸತ್ತರೆ ಅರಣ್ಯ ಇಲಾಖೆಯಿಂದ ಪರಿಹಾರ ಇದೆ. ಸತ್ತ ಪ್ರಾಣಿಯನ್ನು ಸ್ಥಳದಿಂದ ಸಾಗಿಸಬಾರದು, ಫೋಟೊ ತೆಗೆದಿಡಬೇಕು, ತಡಮಾಡದೆ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು, ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಅರಣ್ಯ ಸಹಾಯವಾಣಿ 1926. ನೋಡಿ, ಇಲ್ಲಿಯೂ ಕೆಲಸಕ್ಕೆ ಬರುವುದು ಫೋಟೊನೇ.

ಸಿಟ್ಟಿನಲ್ಲಿ ಸತ್ತ ಕುರಿಗೆ ವಿಷ ಹಾಕಿದರೆ ತೋಳದ ಜತೆ ನಾಯಿ, ಹದ್ದು ಎಲ್ಲವೂ ಸಾಯುತ್ತವೆ. ಹಾಕಿದವರ ಮೇಲೆ ಕೇಸು ಬೀಳುತ್ತದೆ, ಕುರಿಯೂ ವಾಪಸ್ ಬರುವುದಿಲ್ಲ.

ಇನ್ನೊಂದು ಎಚ್ಚರಿಕೆ ಫೋಟೊ ತೆಗೆಯುವವರಿಗೆ. ಮರಿ ಹಾಕಿದ ಗವಿಯ ಹತ್ತಿರ ಹೋಗಬೇಡಿ, ಬೈಕ್ ಹತ್ತಿ ಚಿಗರಿ ಅಟ್ಟಿಸಬೇಡಿ, ಮಾಂಸ ಇಟ್ಟು ಕರೆಯಬೇಡಿ. ಫಲಕದಲ್ಲಿ ತಾಲ್ಲೂಕಿನ ಹೆಸರು ಇದ್ದರೆ ಸಾಕು, ಗವಿಯ ಗುರುತು ಬೇಡ. ಹಾಗೆ ತೆಗೆದ ಫೋಟೊ ಎಷ್ಟೇ ಚೆಂದ ಇದ್ದರೂ ಗೋಡೆಗೆ ಹಾಕಬಾರದು.

ಮಾಡಬಹುದಾದ ಕೆಲಸ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕಾಗಿಯೇ 332 ಎಕರೆಯ ವನ್ಯಧಾಮ ಆಗಿದೆ. ನಮ್ಮ ಮುಧೋಳದ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿದೆ. ಇಳಕಲ್ ಸೀರೆಯ ಕಸೂತಿಯಲ್ಲಿ ನವಿಲು, ಆನೆ ಇವತ್ತಿಗೂ ಇವೆ. ಪ್ರಾಣಿಗೆ ಗೌರವ ಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ.

ಮೊದಲ ಪ್ರದರ್ಶನ ಬಾದಾಮಿ ಮ್ಯೂಸಿಯಂನಲ್ಲಿ ನವೆಂಬರ್ ಸಪ್ತಾಹದಲ್ಲಿ ಆಗಲಿ. ಅರಣ್ಯ ಇಲಾಖೆ ತನ್ನ ಬಳಿ ಇರುವ ಫೋಟೊಗಳನ್ನು ಕೊಡಲಿ. ಊರಿನವರು ಮೊಬೈಲಿನಲ್ಲಿ ತೆಗೆದ ಒಳ್ಳೆಯ ಫೋಟೊಗಳಿಗೂ ಜಾಗ ಇರಲಿ. ಬರಹ ಕನ್ನಡದಲ್ಲಿರಲಿ, ಪ್ರಾಣಿಗಳಿಗೆ ನಮ್ಮ ಕಡೆಯ ಹೆಸರೇ ಇರಲಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಬರುತ್ತದೆ. ನಾಟಕ ಕಂಪನಿಗಳ ಟೆಂಟುಗಳ ಸಾಲಿನಲ್ಲಿ ಈ ಫೋಟೊಗಳಿಗೂ ಒಂದು ಟೆಂಟ್ ಸಿಗಲಿ. ಮ್ಯೂಸಿಯಂ ಮೆಟ್ಟಿಲು ಹತ್ತದ ಜನ ಅಲ್ಲಿ ನೋಡುತ್ತಾರೆ. ಆಮೇಲೆ ಹುನಗುಂದ, ಇಳಕಲ್ಲಿನ ಶಾಲೆಗಳಿಗೆ, ಬಸ್ ನಿಲ್ದಾಣಗಳಿಗೆ ಹೋಗಲಿ.

ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಮೂವತ್ತು, ನಲವತ್ತು ಫೋಟೊ, ಬ್ಯಾನರ್ ಪ್ರಿಂಟ್ ಹಾಕುವ ಒಂದು ಅಂಗಡಿ, ವಿವರಿಸಿ ಹೇಳಲು ಇಬ್ಬರು ಸಾಕು. ನಿಮ್ಮ ಪಂಚಾಯಿತಿಯಲ್ಲಿ, ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಈ ಮಾತು ಎತ್ತಿ. ಮ್ಯೂಸಿಯಂಗೆ, ಅರಣ್ಯ ಕಚೇರಿಗೆ ಒಂದೊಂದು ಮನವಿ ಬರೆಯಿರಿ.

ಮುಂದಿನ ಸಲ ನಮ್ಮ ಗೋಮಾಳವನ್ನು ಪಾಳು ಎಂದು ಯಾರಾದರೂ ಬರೆಯಲು ಬಂದರೆ, ಇಲ್ಲಿ ಇಂಥಿಂಥ ಜೀವ ಇವೆ, ನೋಡಿ ಎಂದು ತೋರಿಸಲು ಊರಿನ ಕೈಯಲ್ಲಿ ಫೋಟೊ ಇರಬೇಕು.