ಉದ್ಯಮವೆಂದರೆ ಮಾಲಿಕರು ಮಾತ್ರವೆ?

ಪೀಣ್ಯದಲ್ಲಿ ಲೇತು, ಪ್ರೆಸ್ಸು, ಗಾರ್ಮೆಂಟು ಕಾರ್ಖಾನೆಗಳ ನಡುವೆಯೇ ಒಂದು ವಿಶ್ವವಿದ್ಯಾನಿಲಯದ ಆವರಣವಿದೆ. ರಾಜ್ಯದ ಕಾಯಿದೆಯ ಮೂಲಕ 2013ರಲ್ಲಿ ಹುಟ್ಟಿದ ಖಾಸಗಿ ಸಂಸ್ಥೆ, ರಾಮಯ್ಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾನಿಲಯ. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಮಾಹಿತಿ ತಂತ್ರಜ್ಞಾನ ಸಂಸ್ಥೆಯೊಂದನ್ನು 1999ರಲ್ಲೇ ಸರ್ಕಾರವೂ ಉದ್ಯಮಗಳೂ ಕೂಡಿ ತೆರೆದಿದ್ದವು. ವಿದ್ಯೆ ಕಾರ್ಖಾನೆಯ ಬಾಗಿಲಿಗೆ ಬರಲಿ. ಅದಕ್ಕೆ ನಮ್ಮ ವಿರೋಧವಿಲ್ಲ. ಕೈ ಮಸಿಯಾಗದ ವಿದ್ಯೆಯೇ ಶ್ರೇಷ್ಠವೆಂಬ ಹಳೆಯ ಜಾತಿಬುದ್ಧಿ ಅಳಿಯಲೇಬೇಕು.

ಆದರೆ ‘ಉದ್ಯಮದೊಡನೆ ಸಂಬಂಧ’ ಎಂದಾಗ ಆ ಉದ್ಯಮ ಯಾರು? ಸ್ವಾಯತ್ತ ಕಾಲೇಜುಗಳ ಪಠ್ಯ ಮಂಡಲಿಯಲ್ಲಿ ಉದ್ಯಮದ ಒಬ್ಬ ಪ್ರತಿನಿಧಿ ಇರಬೇಕೆಂದು ಯು.ಜಿ.ಸಿ. ನಿಯಮ ಹೇಳುತ್ತದೆ. ಕಾರ್ಮಿಕನ ಪ್ರತಿನಿಧಿಯ ಮಾತೇ ಅಲ್ಲಿಲ್ಲ.

ಇದರಿಂದ ಏನಾಗುತ್ತದೆ? ಗಂಟೆಗೆ ಎಷ್ಟು ಪೀಸು ಹೊರಬೀಳಬೇಕೆಂಬುದನ್ನು ಮ್ಯಾನೇಜರು ಹೇಳುತ್ತಾನೆ. ಆ ಲೆಕ್ಕ ಮುಟ್ಟಿಸಲು ಪ್ರೆಸ್ಸಿನ ಗಾರ್ಡು ಬಿಚ್ಚಿಟ್ಟಾಗ ಬೆರಳು ಹೋಗುವುದು ಹೇಗೆಂಬುದನ್ನು ಹೇಳಬಲ್ಲವನು ಆಪರೇಟರು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಪ್ಲೇಟಿಂಗ್ ಶೆಡ್ಡಿನ ಹೊಗೆ ಕುಡಿಯುವವನಿಗಿಂತ ಅದರ ಮಾತು ತಿಳಿದವರು ಯಾರು? ಬೆರಳನ್ನೂ ಬಾವಿಯನ್ನೂ ಉಳಿಸುವುದು ಅನ್ವಯಿಕ ವಿಜ್ಞಾನವಲ್ಲವೆ?

ಇನ್ನು 1961ರ ಅಪ್ರೆಂಟಿಸ್ ಕಾಯಿದೆಯ 18ನೆಯ ಕಲಮು ನೋಡಿ. ಅಪ್ರೆಂಟಿಸನು ಕಲಿಯುವವನು, ಕಾರ್ಮಿಕನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸವು. ಸುರಕ್ಷತೆಗೂ ಅಪಘಾತದ ಪರಿಹಾರಕ್ಕೂ ಅದೇ ಕಾಯಿದೆಯಲ್ಲಿ ಬೇರೆ ಕಲಮುಗಳಿವೆ, ನಿಜ. ಆದರೆ ಅವನಿಗೆ ಸಿಗುವುದು ಕೂಲಿಯಲ್ಲ, ಸ್ಟೈಪೆಂಡು. ಕಲಿತು ಮುಗಿಸಿದವನಿಗೆ ಕೆಲಸ ಕೊಡುವ ನೀತಿಯನ್ನು 2014ರ ತಿದ್ದುಪಡಿ ಮಾಲಿಕನ ಕೈಗೇ ಬಿಟ್ಟಿತು. 2025ರಲ್ಲಿ ಯು.ಜಿ.ಸಿ. ಅಪ್ರೆಂಟಿಸ್ ತರಬೇತಿಯನ್ನು ಪದವಿಯೊಳಗೇ ಸೇರಿಸುವ ಮಾರ್ಗಸೂಚಿ ಹೊರಡಿಸಿದೆ. ಹುಡುಗರು ಮೆಷಿನ್ನಿನ ಮುಂದೆ ನಿಂತು ಕಲಿಯುವುದು ಒಳ್ಳೆಯದೇ. ಕಾಯಂ ನೌಕರನ ಜಾಗದಲ್ಲಿ ವರ್ಷಕ್ಕೊಬ್ಬ ಹೊಸ ಹುಡುಗನನ್ನು ನಿಲ್ಲಿಸುವ ಉಪಾಯ ಇದಾಗದಂತೆ ಕಾಯುವವರು ಯಾರು?

ಇದು ಆಗದ ಹೋಗದ ಮಾತೆಂದು ಕೆಲವರು ನಗಬಹುದು. ಪಶ್ಚಿಮ ಜರ್ಮನಿಯ ರಾಜ್ಯಗಳು ಇಂಥ ಅನ್ವಯಿಕ ವಿದ್ಯಾಲಯಗಳಿಗೆ ಒಪ್ಪಂದ ಮಾಡಿಕೊಂಡದ್ದು 1968ರಲ್ಲಿ. ಮರುವರ್ಷ ಅಲ್ಲಿ ಬಂದ ವೃತ್ತಿ ಶಿಕ್ಷಣ ಕಾಯಿದೆ, ಅಪ್ರೆಂಟಿಸರ ತರಬೇತಿ ನೋಡಿಕೊಳ್ಳುವ ಸಮಿತಿಗಳಲ್ಲಿ ಮಾಲಿಕರಿಗೆ ಆರು, ಕಾರ್ಮಿಕರಿಗೆ ಆರು, ಉಪಾಧ್ಯಾಯರಿಗೆ ಆರು ಸ್ಥಾನಗಳನ್ನು ಕೊಟ್ಟಿತು. ಅದೇನೂ ಸಮಾಜವಾದಿ ಸರ್ಕಾರ ಮಾಡಿದ ಕ್ರಾಂತಿಯಲ್ಲ. ಬಂಡವಾಳಶಾಹಿ ದೇಶವೊಂದರ ಸಾಮಾನ್ಯ ವಿವೇಕ.

ಆದ್ದರಿಂದ ನಮ್ಮ ಒತ್ತಾಯಗಳು ಮೂರು. ಪಠ್ಯ ಮಂಡಲಿಗಳಲ್ಲಿ ಮಾಲಿಕರಷ್ಟೇ ಸ್ಥಾನ ಕಾರ್ಮಿಕ ಸಂಘಗಳಿಗೂ ಬೇಕು. ಪಾಳಿ ಮುಗಿಸಿ ಬರುವ ಪೀಣ್ಯದ ಕೆಲಸಗಾರನಿಗೆ, ಗಾರ್ಮೆಂಟಿನ ಹೆಣ್ಣುಮಗಳಿಗೆ, ಕನ್ನಡದಲ್ಲಿ, ಕೈಗೆಟುಕುವ ಶುಲ್ಕದಲ್ಲಿ ಸಂಜೆ ತರಗತಿ ನಡೆಯಬೇಕು. ಉತ್ಪಾದನೆಯಲ್ಲಿ ದುಡಿಯುವ ಅಪ್ರೆಂಟಿಸನನ್ನು ಕಾನೂನು ಕಾರ್ಮಿಕನೆಂದೇ ಎಣಿಸಬೇಕು.

ಕಾರ್ಖಾನೆಯಿಂದ ವಿಶ್ವವಿದ್ಯಾನಿಲಯಕ್ಕೆ ದಾರಿ ಹಾಕುವುದಾದರೆ ಅದು ಮಾಲಿಕನ ಕಾರು ಹೋಗುವಷ್ಟೇ ಅಗಲವಿದ್ದರೆ ಸಾಲದು. ಬುತ್ತಿ ಹಿಡಿದು ನಡೆದು ಬರುವವನಿಗೂ ಅಲ್ಲಿ ಜಾಗವಿರಬೇಕು.